ಬದಲಿ ಟಿಕೆಟಿನ ಅರ್ಧ ತುಂಡು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಕಲಬುರಗಿಯಲ್ಲಿ ಬಸ್ ಟಿಕೆಟ್ ತಪಾಸಣೆಯ ಇನ್‌ಸ್ಪೆಕ್ಟರ್ ಆಗಿದ್ದೆ. ಕಂಡಕ್ಟರುಗಳು ಬೆನ್ನ ಹಿಂದೆ ನನ್ನನ್ನು ಜಿಗಣೆ ಎನ್ನುತ್ತಿದ್ದರು. ಹಿಡಿದರೆ ಬಿಡುತ್ತಿರಲಿಲ್ಲವಾದ್ದರಿಂದ ಆ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಆಗ ಹೊಸ ಪದ್ಧತಿಯೊಂದು ಪ್ರಯೋಗಕ್ಕೆ ಬಂದಿತ್ತು. ಸೂಪರ್ ಮಾರ್ಕೆಟ್‌ನಲ್ಲಿ ಸಿಟಿ ಬಸ್ ಹತ್ತಿ, ಬಸ್ ನಿಲ್ದಾಣದಲ್ಲಿ ಕಮಲಾಪುರದ ಬಸ್ ಹಿಡಿಯುವವರು ಎರಡು ಸಲ ಟಿಕೆಟ್ ಕೊಳ್ಳಬೇಕಾಗಿರಲಿಲ್ಲ. ನಡುವೆ ಬಸ್ ಬದಲಾದರೂ ಅದನ್ನು ಒಂದೇ ಪ್ರಯಾಣವೆಂದು ಹಿಡಿದು ಒಟ್ಟು ದೂರಕ್ಕೆ ಮಾತ್ರ ದರ ಹಾಕುತ್ತಿದ್ದೆವು. ಸಿಟಿ ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿದು ಅರ್ಧ ತಾನಿಟ್ಟುಕೊಳ್ಳಬೇಕು. ಉಳಿದರ್ಧವನ್ನು ಪ್ರಯಾಣಿಕರು ಕಮಲಾಪುರದಲ್ಲಿ ಇಳಿಯುವಾಗ ಕೊಡಬೇಕು. ಆಫೀಸಿನಲ್ಲಿ ಎರಡೂ ತುಂಡು ಕೂಡಿದರೆ ಪ್ರಯಾಣ ಮುಗಿದಂತೆ. ಇದಕ್ಕೆ ‘ಬದಲಿ ಟಿಕೆಟ್’ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಹೋಗುವುದಕ್ಕೂ ಜನ ಬದಲಿ ಎಂದೇ ಅನ್ನುತ್ತಾರೆ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಕಮಲಾಪುರಕ್ಕೆ ಹೋಗುವ ಬಸ್ಸಿನಿಂದ ಒಂದು ತುಂಡು ಮರಳುತ್ತಿರಲಿಲ್ಲ. ಐದು ವಾರ ಹೀಗಾಯಿತು. ಆ ಬಸ್ಸಿನ ಕಂಡಕ್ಟರ್ ಈರಣ್ಣ ಅದನ್ನು ಬೇರೆಯವರಿಗೆ ಮಾರಿಕೊಳ್ಳುತ್ತಾನೆಂಬ ಅನುಮಾನದ ಮೇಲೆ ಅವನನ್ನು ಕೆಲಸದಿಂದ ತೆಗೆಯುವ ಕಾಗದ ಸಿದ್ಧವಾಗಿತ್ತು. ನನ್ನ ವರದಿಯೊಂದೇ ಬಾಕಿ.

“ನಾ ಕದ್ದಿಲ್ರೀ ಸಾಹೇಬ್ರ. ಒಬ್ಬಾಕಿ ಎರಡು ಟಿಕೀಟ ಹಿಡಕೊಂಡು ಏರ್ತಾಳ, ಒಂದು ಕೊಡ್ತಾಳ. ಇನ್ನೊಂದು ಕೇಳಿದ್ರ, ಆಕಿ ಇನ್ನಾ ಇಳದಿಲ್ಲ ಅಂತಾಳ.” ಅವನ ದನಿ ತಗ್ಗಿತು. “ನೋಡಿದ್ರ ಬಸ್ಸಿನ್ಯಾಗ ಯಾರೂ ಇರಂಗಿಲ್ರಿ.”

ಕಿವಿ ಮೇಲೆ ಹೂವಿಡಬೇಡ ಎಂದು ಗದರಿದೆ.

ಮುಂದಿನ ಮಂಗಳವಾರ ನಾನೇ ಆ ಬಸ್ ಹತ್ತಿದೆ. ಹೊರಗೆ ಕೆಂಡದಂಥ ಬಿಸಿಲು, ಒಳಗೆ ಕಾಲಿಡಲು ಜಾಗವಿಲ್ಲ. ಮೂರನೆಯ ಸಾಲಿನ ಕಿಟಕಿಯ ಬಳಿ ವಯಸ್ಸಾದ ಹೆಂಗಸೊಬ್ಬಳು ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಪಕ್ಕದ ಸೀಟು ಖಾಲಿ. ನಿಂತವರು ಬೆವರು ಒರೆಸಿಕೊಳ್ಳುತ್ತಿದ್ದರೇ ಹೊರತು ಅಲ್ಲಿ ಕೂಡುತ್ತಿರಲಿಲ್ಲ. ನಾನು ಕೂಡಲು ಹೋದಾಗ ಹಿಂದಿದ್ದ ಟೋಪಿಯ ಮುದುಕ ತೋಳು ಹಿಡಿದ.

“ನಕೋ ಸಾಬ್. ಆ ಸೀಟು ಭರ್ತಿ ಅದ.”

ನನಗೆ ಸಿಟ್ಟು ಬಂತು. ಅದರ ಕೆಳಗೆ ಸಣ್ಣದೊಂದು ಹೆದರಿಕೆಯೂ ಇತ್ತು. ಟಿಕೆಟ್ ತೋರಿಸು ಎಂದೆ. ಎರಡು ತೋರಿಸಿದಳು. ಇನ್ನೊಂದು ಯಾರದೆಂದು ಕೇಳಿದೆ.

“ನನ್ನ ತಂಗಿ ಶರಣಮ್ಮಂದು. ಹೋದ ವರ್ಷ ನನಗ ಜ್ವರ ಬಂದಿತ್ರೀ. ನನ್ನ ಬದಲಿ ಆಕಿ ಬಾಳಿಹಣ್ಣು ಮಾರಲಿಕ್ಕ ಹೋದಳು. ತಿರುಗಿ ಬರೋವಾಗ ಈ ಸೀಟಿನ್ಯಾಗೇ ಬಿಸಲು ಬಡದು ಜೀವಾ ಹೋತು. ಕಮಲಾಪುರದಾಗ ಎಲ್ಲಾರೂ ಇಳದರು. ಮಲಗ್ಯಾಳ ಅಂದ್ಕೊಂಡು ಯಾರೂ ಎಬ್ಬಸಲಿಲ್ಲ.” ಆಕೆ ಖಾಲಿ ಸೀಟನ್ನು ಸವರಿದಳು. “ಈಗ ಬದಲಿ ಟಿಕೀಟ ಬಂದದ ಅಂದ್ರು. ಆಕಿ ಇಳೀಲಿ, ಆಕಿ ಬದಲಿ ನಾ ಕುಂದರ್ತೀನಿ.”

ಹಿಂದಿನ ವಾರಗಳ ತುಂಡುಗಳು ಎಲ್ಲಿ ಎಂದು ಕೇಳಿದೆ. ತಂಗಿಯ ಹಳೆಯ ತುಂಡುಗಳೆಲ್ಲ ಇದ್ದ ಸೆರಗಿನ ಗಂಟನ್ನು ತೋರಿಸಿದಳು. ಅವನ್ನು ಕೊಡು, ಇಲ್ಲದಿದ್ದರೆ ಈರಣ್ಣನ ಅನ್ನ ಹೋಗುತ್ತದೆ ಎಂದೆ.

“ಇಳದವರು ಕೊಡಬೇಕು ಅಂತ ನಿಮ್ಮದೇ ಕಾನೂನು ಅಲ್ರೀ?”

ಗಂಟನ್ನು ಕಿತ್ತುಕೊಳ್ಳಬಹುದಿತ್ತು. ಜಿಗಣೆಗೂ ಅಷ್ಟು ಧೈರ್ಯವಾಗಲಿಲ್ಲ.

ಕಮಲಾಪುರ ಬಂತು. ಕೂತವರೂ ಎದ್ದರು, ಆದರೆ ಯಾರೂ ಬಾಗಿಲಿನತ್ತ ಹೋಗಲಿಲ್ಲ. ನಮ್ಮ ಮಾತೆಲ್ಲ ಕೇಳಿಸಿಕೊಂಡು ಬಾಗಿಲಲ್ಲಿ ನಿಂತಿದ್ದ ಈರಣ್ಣ ಮುಖ ಒರೆಸಿಕೊಂಡು, ಖಾಲಿ ಸೀಟಿನ ಕಡೆ ನೋಡಿ, ಮನೆಯ ಹೆಣ್ಣುಮಗಳನ್ನು ಎಬ್ಬಿಸುವವನಂತೆ ಕರೆದ:

“ಶರಣವ್ವಾ, ಊರು ಬಂತು. ಏಳ್ಬೇ ತಂಗಿ, ಇಳಿ.”

ಜನ ಎರಡೂ ಬದಿಗೆ ಸರಿದು ದಾರಿ ಬಿಟ್ಟರು. ನಾನೂ ಕಾಲು ಹಿಂದಕ್ಕೆ ತೆಗೆದುಕೊಂಡಿದ್ದೆ. ಆ ಹೆಂಗಸಿನ ನೋಟ ಸೀಟಿನಿಂದ ಮೆಲ್ಲಗೆ ಬಾಗಿಲವರೆಗೆ ಹೋಯಿತು, ಮೆಟ್ಟಿಲಿಳಿಯಿತು, ಹೊರಗಿನ ಬಿಸಿಲಿನಲ್ಲಿ ನಿಂತಿತು. ಆಮೇಲೆ ಗಂಟು ಬಿಚ್ಚಿ ತಂಗಿಯ ಆರೂ ತುಂಡುಗಳನ್ನು ಈರಣ್ಣನ ಕೈಗಿಟ್ಟಳು.

“ಆವತ್ತ ಯಾರರೆ ಹಿಂಗ ಕರದಿದ್ರ ಎದ್ದೇಳತಿದ್ದಳೇನೋ ಯಪ್ಪಾ” ಎಂದು ಅತ್ತಳು.

ಈರಣ್ಣನ ಕೆಲಸ ಉಳಿಯಿತು. ಪ್ರಯಾಣಿಕರೆಲ್ಲ ಇಳಿದಿದ್ದಾರೆ ಎಂದು ವರದಿ ಬರೆದೆ. ಅದು ಸುಳ್ಳೆಂದು ನನಗೆ ಈಗಲೂ ಅನಿಸುವುದಿಲ್ಲ. ಕೊನೆಯ ಸ್ಟಾಪಿನಲ್ಲಿ ಹಿಂದಿನ ಸೀಟಿನವರೆಗೂ ನಡೆದುಹೋಗಿ ಎಲ್ಲರನ್ನೂ ಕರೆದು ಇಳಿಸಬೇಕೆಂದು ನಿವೃತ್ತನಾಗುವವರೆಗೂ ಹೊಸ ಕಂಡಕ್ಟರುಗಳಿಗೆ ಹೇಳುತ್ತಿದ್ದೆ. ಸೀಟು ಖಾಲಿ ಇದ್ದರೂ ಕರೀಬೇಕೇನ್ರೀ ಎಂದು ಕೆಲವರು ನಗುತ್ತಿದ್ದರು.

ಕರೀಬೇಕು ಎನ್ನುತ್ತಿದ್ದೆ.