ತೊಗರಿ ಹೊಲದಲ್ಲಿ ಕೇಳಿದ ಕರೆ

ದೇವರನ್ನು ಅಪ್ಪ ಎಂದು ಕರೆಯುವುದು ನನ್ನಿಂದ ಆಗುತ್ತಲೇ ಇರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ "ದೇವರು ನಿಮ್ಮ ಅಪ್ಪನ ಹಾಗೆ" ಎಂದು ಅಕ್ಕರೆಯಿಂದ ಹೇಳುವಾಗ ನನಗೆ ಬೇರೆಯೇ ನೆನಪಾಗುತ್ತಿತ್ತು: ಅಪ್ಪನ ಚಪ್ಪಲಿಯ ಸಪ್ಪಳ ಕೇಳಿದೊಡನೆ ನಾವು ಮಕ್ಕಳು ಜೋಳದ ಚೀಲಗಳ ಹಿಂದೆ ಅಡಗುತ್ತಿದ್ದುದು. ದೊಡ್ಡವಳಾದ ಮೇಲೂ ಪ್ರಾರ್ಥನೆಯಲ್ಲಿ 'ತಂದೆ' ಬಂದಲ್ಲೆಲ್ಲ ಮೆಲ್ಲಗೆ 'ಕರ್ತನೇ' ಎಂದುಬಿಡುತ್ತಿದ್ದೆ.

ಕೆಲವು ವರ್ಷಗಳ ಹಿಂದೆ, ಎಳ್ಳಮಾವಾಸ್ಯೆಯ ಬೆಳಗ್ಗೆಯೂ ಹಾಗೇ ಪ್ರಾರ್ಥಿಸಿ, ರೊಟ್ಟಿ ಬಡಿದು, ನನ್ನವರ ಡಬ್ಬಿ ಕಟ್ಟಿದೆ. ಅವರಿಗೆ ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಬ್ಬು ಅರೆಯುವ ಹಂಗಾಮಿನಲ್ಲಿ ಹಬ್ಬದ ರಜೆ ಎಲ್ಲಿಯದು? ಐದು ವರ್ಷದ ರೋಸಿಗೆ ಜಡೆ ಹೆಣೆಯುವಷ್ಟರಲ್ಲಿ ಪಕ್ಕದ ಮನೆಯ ಮಹಾದೇವಿ ಅಕ್ಕ ಬಾಗಿಲಲ್ಲಿ ನಿಂತಿದ್ದರು.

"ಏನ್ ಬೇ, ಇನ್ನಾ ಜಡಿ ಹಾಕಾಕತ್ತೀಯೇನ? ಭಜ್ಜಿ ಆರಿ ಹೋಗ್ತದ. ನಿಮ್ಮ ಯೇಸಪ್ಪಗ ನಾ ಹೇಳ್ತೇನಿ, ನಡಿ ನಡಿ."

ಗೊಬ್ಬೂರಿನ ಹತ್ತಿರ ಅವರ ಹೊಲ; ಎಳ್ಳಮಾವಾಸ್ಯೆಯ ಊಟ ಅಲ್ಲೇ. ಒಣಗಿದ ತೊಗರಿ ಆಳೆತ್ತರ ನಿಂತಿತ್ತು. ಊಟಕ್ಕೆ ಮೊದಲು ಚರಗ ಚೆಲ್ಲಬೇಕು. ಅಂದರೆ ಮಾಡಿದ ಅಡುಗೆಯನ್ನೆಲ್ಲ ಕಲಸಿ, "ಹುಲ್ಲುಲ್ಲಿಗೋ" ಎಂದು ಕೂಗುತ್ತ ಹೊಲದ ಸುತ್ತ ಎರಚಿ ಭೂಮಿತಾಯಿಗೆ ಉಣಿಸುವುದು. ಎಲ್ಲರ ಜೊತೆ ನಾನೂ ಬದುವಿನ ಮೇಲೆ ನಡೆದೆ. ರೋಸಿ ನನ್ನ ಹಿಂದೆಯೇ ಇದ್ದಾಳೆಂದುಕೊಂಡಿದ್ದೆ. ತಿರುಗಿ ನೋಡಿದರೆ ಇಲ್ಲ.

ಆ ಹೊಲದ ನಡುವೆ ದಂಡೆ ಕಟ್ಟದ ಬಾವಿಯಿದೆ.

ಹುಚ್ಚಿಯಂತೆ ಕೂಗಿದೆ. ಆದರೆ ಅದೇ ಹೊತ್ತಿಗೆ ಸುತ್ತಲಿನ ಹೊಲಗಳಲ್ಲೆಲ್ಲ ಚರಗ. ನಾಲ್ಕೂ ದಿಕ್ಕಿಗೆ ಕೂಗು. ನನ್ನ ದನಿ ನನಗೇ ಕೇಳಿಸದು. ಗಂಡಸರು ಬಾವಿಯತ್ತ ಓಡಿದರು. ನಾನು ಅಲ್ಲೇ ಹೆಂಟೆಗಳ ಮೇಲೆ ಕುಸಿದೆ. ಆಗ ಬಾಯಿಂದ ಬಂದದ್ದು 'ಕರ್ತನೇ' ಅಲ್ಲ. "ಅಪ್ಪಾ" ಎಂದೆ. ಪಿಸುಮಾತಿನಷ್ಟೇ. ನಾನಾಗಿ ಆರಿಸಿಕೊಂಡ ಮಾತಲ್ಲ ಅದು.

ಸ್ವಲ್ಪ ಹೊತ್ತಿಗೆ ನನ್ನೆದುರಿನ ಸಾಲಿನಿಂದಲೇ ರೋಸಿ ಹೊರಬಂದಳು. ಜಡೆಯ ತುಂಬ ತೊಗರಿ ಎಲೆ. ಅಳುತ್ತಿರಲಿಲ್ಲ.

"ಎಲ್ಲಿಗೆ ಹೋಗಿದ್ದಿ?"

"ಎಲ್ಲಾರೂ ಒದರಾಕತ್ತಿದ್ರು ಮಮ್ಮಿ, ಯಾವ ಕಡೆ ಬರಬೇಕು ತಿಳೀಲಿಲ್ಲ. ನಾ ಬಾವಿ ಹಂತೇಲಿ ಇದ್ದಾಗ ಪಪ್ಪಾ ಕರದ್ರು. ಹೆದರಬ್ಯಾಡ ಮಗಳೇ, ಈ ಕಡೆ ಬಾ ಅಂದ್ರು."

"ನೋಡಿದಿ ಏನು?"

"ಇಲ್ಲ. ಸಣ್ಣ ದನೀಲೆ ಅಂದ್ರು. ಖರೇ."

ನನ್ನವರು ಅವಳನ್ನು 'ಚಿನ್ನಿ' ಎನ್ನುತ್ತಾರೆ, 'ಮಗಳೇ' ಎಂದು ಎಂದೂ ಕರೆದವರಲ್ಲ. ಸಂಜೆ ಮನೆಗೆ ಬಂದವರು, "ನಾ ಹೊಲಕ್ಯಾಕ ಬರ್ಲಿ? ಮಶೀನ್ ಬಿಟ್ಟು ಅಲುಗಾಡಿಲ್ಲ," ಎಂದು ನಕ್ಕರು, ನಕ್ಕು ಮಗಳನ್ನು ಬಹಳ ಹೊತ್ತು ಎತ್ತಿಕೊಂಡೇ ಕೂತರು. ಬೇರೆ ಹೊಲದ ಯಾರೋ ಕರೆದಿರಬಹುದು. ಆಮೇಲೆ ಎಲ್ಲರನ್ನೂ ವಿಚಾರಿಸಿದೆ ಕೂಡ, ಹೌದೆಂದವರು ಸಿಗಲಿಲ್ಲ. ಅಷ್ಟು ಗದ್ದಲದಲ್ಲಿ ಸಣ್ಣ ದನಿ ಮಗುವಿಗೆ ಕೇಳಿಸಿದ್ದಾದರೂ ಹೇಗೆ? ನನಗೆ ಇಂದಿಗೂ ತಿಳಿದಿಲ್ಲ. ಪ್ರಾರ್ಥನೆಯಲ್ಲಿ ಆ ಪದವನ್ನು ಹಾರಿಸುವುದನ್ನು ಮಾತ್ರ ಬಿಟ್ಟಿದ್ದೇನೆ.

ಅಂದು ದೀಪ ಹಚ್ಚುವ ಹೊತ್ತಿಗೆ ಮಹಾದೇವಿ ಅಕ್ಕ ಉಳಿದ ಕಡುಬು ಬಿಸಿ ಮಾಡಿ ತಂದರು. ರೋಸಿ ಅವರ ಸೆರಗು ಹಿಡಿದು, ಬಾವಿಯ ಹತ್ತಿರ ಪಪ್ಪಾ ಕರೆದದ್ದನ್ನು ಮತ್ತೊಮ್ಮೆ ಹೇಳಿದಳು. ಅಕ್ಕನಿಗೆ ಅದರಲ್ಲಿ ಸೋಜಿಗವೇನೂ ಕಾಣಲಿಲ್ಲ. ಕಡುಬನ್ನು ನಮ್ಮ ತಾಟಿಗೆ ಸುರಿಯುತ್ತ ಅಂದರು:

"ಮತ್ತ? ಅಪ್ಪ ಆದಾಂವ ಕರೀಲಾರದ ಇರ್ತಾನೇನ? ತಗೋ, ಬಿಸಿ ಇದ್ದಾಗ ತಿನ್ರಿ."