ಪಾಳಿಯ ಮೇಲೆ ಮಲಗುವ ಕೋಣೆ

ಯುದ್ಧದ ಕಾಲದಲ್ಲಿ ದೊಡ್ಡಬಳ್ಳಾಪುರದ ನಮ್ಮ ಬೀದಿಯ ಮಗ್ಗಗಳು ಒಂದೊಂದಾಗಿ ನಿಂತವು. ನೂಲು ಸರ್ಕಾರದ ಕಂಟ್ರೋಲಿಗೆ ಸಿಕ್ಕಿಕೊಂಡಿತ್ತು. ತಿಂಗಳಿಗೆ ಒಂದು ವಾರ ನೇಯುವಷ್ಟು ಸಿಕ್ಕರೆ ಪುಣ್ಯ. ಉಳಿದ ದಿನ ನಮ್ಮೆಜಮಾನರು ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು.

ಪಕ್ಕದ ಮನೆ ನನ್ನ ತಂಗಿಯದು. ಅವಳ ಗಂಡ ಬಹಳ ದಿನ ಕಾಯಲಿಲ್ಲ. ಬೆಂಗಳೂರಿನ ಮಿಲ್ಲೊಂದರಲ್ಲಿ ಸಿಪಾಯಿಗಳಿಗೆ ಬಟ್ಟೆ ನೇಯಲು ಆಳು ಸಾಲದು ಎಂದು ಕೇಳಿ ರೈಲು ಹತ್ತಿದ. ಆಮೇಲೆ ಬಂದು ಅವಳನ್ನೂ ಮಗನನ್ನೂ ಕರೆದುಕೊಂಡು ಹೋದ. ಆ ಯುಗಾದಿಗೆ ಅವರು ಊರಿಗೆ ಬರಲಿಲ್ಲ. ನೋಡಿ ಬರೋಣವೆಂದು ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ನಾನೇ ಹೋದೆ.

ಮಿಲ್ಲಿನ ಹಿಂದೆ ಒಂದು ವಠಾರ. ಇಡೀ ವಠಾರಕ್ಕೆ ಒಂದು ನಲ್ಲಿ. ತಂಗಿಯ ಸಂಸಾರ ಒಂದೇ ಕೋಣೆಯಲ್ಲಿತ್ತು, ಆ ಕೋಣೆಯಲ್ಲೇ ಹೊಸಕೋಟೆ ಕಡೆಯಿಂದ ಬಂದ ಗಂಡಹೆಂಡತಿಯೂ ಇದ್ದರು. ತಂಗಿಯ ಗಂಡನಿಗೆ ಹಗಲು ಪಾಳಿ, ಹೊಸಕೋಟೆಯವನಿಗೆ ರಾತ್ರಿ ಪಾಳಿ. ಒಬ್ಬ ಎದ್ದುಹೋದ ಚಾಪೆಯ ಮೇಲೆ ಇನ್ನೊಬ್ಬ ಬಂದು ಮಲಗುತ್ತಿದ್ದ. ಹಗಲೆಲ್ಲ ಯಾರಾದರೂ ಮಲಗಿರುತ್ತಿದ್ದುದರಿಂದ ಹೆಂಗಸರು ಮಗುವನ್ನು ಕಟ್ಟಿಕೊಂಡು ಹೊರಗೆ, ಮೋರಿಯ ಪಕ್ಕದ ನೆರಳಿನಲ್ಲಿ ಕೂರಬೇಕಿತ್ತು.

ನಾನು ಹೋದ ಮಾರನೆಯ ಬೆಳಿಗ್ಗೆ ಮಗುವಿಗೆ ವಾಂತಿಭೇದಿ ಶುರುವಾಯಿತು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಹೊಸಕೋಟೆಯವನು ಎದ್ದು ಜಾಗ ಬಿಟ್ಟು, ಹೊರಗೆ ಗೋಡೆಗೊರಗಿ ತೂಕಡಿಸಿದ. ಮಧ್ಯಾಹ್ನದ ಹೊತ್ತಿಗೆ ಮಗುವಿನ ಕಣ್ಣು ಒಳಗೆ ಹೋಗಿತ್ತು. ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಅಲ್ಲಿ ವರಾಂಡದಲ್ಲೂ ಜನ ಮಲಗಿದ್ದರು. ಕಾಯಿರಿ ಎಂದರು. ತಂಗಿಯನ್ನು ಅಲ್ಲೇ ಕೂರಿಸಿ ನಾನು ಮಿಲ್ಲಿನ ಗೇಟಿಗೆ ಹೋದೆ.

"ನಮ್ ತಂಗಿ ಗಂಡ ಒಳಗಿದಾರೆ, ಅವರ ಮಗೀಗೆ ಹುಷಾರಿಲ್ಲಪ್ಪಾ, ಒಂದ್ ಸಲ ಕರೀರಿ" ಎಂದೆ.

"ಪಾಳಿ ಮುಗಿಯೋಗಂಟ ಯಾರ್ನೂ ಬಿಡಂಗಿಲ್ಲ ಕಣಮ್ಮ. ನಾನ್ ಬಿಟ್ರೆ ನನ್ ಕೆಲ್ಸ ಹೋಯ್ತದೆ" ಎಂದ ಕಾವಲಿನವನು. ಗದರಿ ಹೇಳಿದ್ದರೆ ಜಗಳವಾಡುತ್ತಿದ್ದೆನೇನೋ. ಅವನು ಮೆತ್ತಗೆ ಹೇಳಿದ.

ನಾನು ಹಿಂದಿರುಗುವಷ್ಟರಲ್ಲಿ ಮಗು ತಂಗಿಯ ಮಡಿಲಲ್ಲೇ ಹೋಗಿತ್ತು. ಅವಳಿಗೆ ಅದು ಗೊತ್ತಿತ್ತೋ ಇಲ್ಲವೋ, ಸೆರಗಿನಿಂದ ನೊಣ ಓಡಿಸುತ್ತಲೇ ಇದ್ದಳು.

ಕಾರ್ಯವೆಲ್ಲ ಮುಗಿದ ಮೇಲೆ, "ನಡಿ, ಊರಿಗೆ ಹೋಗೋಣ. ನಮ್ಮನೇಲೇ ಇರುವಂತೆ" ಎಂದೆ.

"ಬಂದು ಏನ್ಮಾಡ್ಲಿ? ನಿಮ್ಮನೇಲಿ ಎರಡು ಹೊತ್ತೂ ಒಲೆ ಹತ್ತುತ್ತಾ, ಅಕ್ಕ?"

ಅವಳು ಚುಚ್ಚಿ ಹೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದು. ನಾನು ಒಬ್ಬಳೇ ವಾಪಸು ಬಂದೆ.

ವಿಷಯ ತಿಳಿದು ಬೀದಿಯವರೆಲ್ಲ ಬಂದು ಮರುಗಿದರು. ಹೋಗುವಾಗ ಒಬ್ಬರು ದನಿ ತಗ್ಗಿಸಿ, "ಆ ವಠಾರದಲ್ಲಿ ಇನ್ನೂ ಜಾಗ ಐತಾ?" ಎಂದು ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಮಗು ಸತ್ತ ಜಾಗಕ್ಕೆ ಮಕ್ಕಳನ್ನು ಕಟ್ಟಿಕೊಂಡು ಹೋಗುತ್ತಾರಂತಲ್ಲ ಎಂದು ನಮ್ಮೆಜಮಾನರ ಹತ್ತಿರ ರೇಗಾಡಿದೆ. ಜಾಗ ಕೇಳಿದ ಆ ಮನೆಯವರು ಹೋದರು, ಅವರ ಹಿಂದೆ ಮತ್ತೊಂದು ಮನೆಯವರು.

ಮಳೆಗಾಲದ ಹೊತ್ತಿಗೆ ನೂಲು ಪೂರ್ತಿ ನಿಂತಿತು. ನನ್ನ ಚಿಕ್ಕ ಮಗಳು ಗಂಜಿ ಸಾಲದೆಂದು ಅಳುವುದನ್ನೂ ಬಿಟ್ಟುಬಿಟ್ಟಿದ್ದಳು. ಕೊನೆಗೆ ಬಾಯಿ ಬಿಟ್ಟವಳು ನಾನೇ.

"ಮಿಲ್ಲಿನ ಕೆಲಸಕ್ಕೆ ತಂಗಿ ಗಂಡಂಗೆ ಒಂದ್ ಮಾತು ಹೇಳಿ ಕಳಿಸೋಣ."

"ನೀನೇ ಹೇಳ್ತಿದೀಯಾ?" ಎಂದರು ಅವರು.

"ಇನ್ಯಾರ್ ಹೇಳ್ತಾರೆ?"

ನಾವಿಬ್ಬರೂ ಅತ್ತೆಯನ್ನೂ ಮಕ್ಕಳನ್ನೂ ಕರೆದುಕೊಂಡು ಆ ವಠಾರಕ್ಕೆ ಹೋದಾಗ ತಂಗಿ ಏಕೆ ಬಂದೆ ಎಂದು ಕೇಳಲಿಲ್ಲ. ತನ್ನ ಪಾತ್ರೆಗಳನ್ನು ಮೂಲೆಗೆ ಸರಿಸಿ ನಮ್ಮವಕ್ಕೆ ಜಾಗ ಮಾಡಿದಳು. ಊರಿನ ನಮ್ಮ ಮನೆಗೆ ಮಾಕಳಿದುರ್ಗದ ಕಡೆಯ ಹಳ್ಳಿಯೊಂದರ ಸಂಸಾರ ಬಾಡಿಗೆಗೆ ಬಂತು. ಪೇಟೆಯಲ್ಲಾದರೆ ಕೂಲಿ ಸಿಗುತ್ತದೆ ಎಂದು ಹಳ್ಳಿ ಬಿಟ್ಟು ಬಂದವರಂತೆ.