ಹೈಡ್ರೋಜನ್ ಬಸ್ಸಿನ ನಿಂಬೆಹಣ್ಣು

ಬಿಳಗಿ–ಸಿದ್ದಾಪುರದ ನಡುವೆ ಟೆಂಪೋ ಓಡಿಸುತ್ತಲೇ ತಲೆ ನರೆತಿದ್ದ ಕೆರಿಯ ನಾಯ್ಕನಿಗೆ ಭಾಷಣ ಬಿಗಿಯುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅವನ ಟೆಂಪೋವೋ, ಬೆಳಿಗ್ಗೆ ಪ್ರಯಾಣಿಕರು ಇಳಿದು ತಳ್ಳದೆ ಸ್ಟಾರ್ಟ್ ಆಗುತ್ತಿರಲಿಲ್ಲ. ಊರೆಲ್ಲ ಅದನ್ನಾಡಿಕೊಂಡು ನಗುತ್ತಿತ್ತು.

ಅಂಥವನಿಗೂ ಒಂದು ದಿನ ಸಿದ್ದಾಪುರದ ಮೈದಾನದಿಂದ ಕರೆ ಬಂತು. ಹೊಸ ರಾಷ್ಟ್ರೀಯ ನೀತಿಯ ಸಬ್ಸಿಡಿಯಲ್ಲಿ ತಯಾರಾದ ಹೈಡ್ರೋಜನ್ ಬಸ್ಸು ಪ್ರದರ್ಶನಕ್ಕೆ ಬಂದಿತ್ತು, ಅದೂ ಡೀಸೆಲ್ ಲಾರಿಯ ಬೆನ್ನೇರಿ. ಕಂಪನಿಯ ಡ್ರೈವರ್ ಕೈಕೊಟ್ಟಿದ್ದರಿಂದ ಪೂಜೆಯ ಹೊತ್ತಿಗೆ ಸ್ಟೇರಿಂಗ್ ಹಿಡಿಯಲು ಕೆರಿಯ ಬೇಕಾಗಿದ್ದ.

ಕೋಟು ತೊಟ್ಟ ಅಧಿಕಾರಿಯೊಬ್ಬ, "ಇನ್ನು ಇಡೀ ಜಗತ್ತು ನಮ್ಮ ಬಸ್ಸಿಗೆ ಕ್ಯೂ ನಿಲ್ಲುತ್ತೆ" ಎಂದು ಮೈಕಿನಲ್ಲಿ ಗಂಟಲು ಹರಿದುಕೊಂಡ. ಆರತಿಯಾಯಿತು, ಕಾಯಿ ಒಡೆದರು, ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟರು.

"ಹೂಂ, ಗಾಡಿ ಬಿಡಿ" ಅಂದ ಅಧಿಕಾರಿ.

ಸ್ಟೇರಿಂಗ್ ಹಿಡಿದು ಕೂತಿದ್ದ ಕೆರಿಯ ಹೊರಗೆ ಇಣುಕಿದ. "ಟ್ಯಾಂಕಲ್ಲಿ ಎಂತದೂ ಇಲ್ಲ ಮಾರಾಯ್ರೆ. ಇದಕ್ಕೆ ತುಂಬ್ಸೋದೆಲ್ಲಿ?"

ಅಧಿಕಾರಿ ಕೆಮ್ಮಿದ. "ಅದು ನೀತಿಯ ಮುಂದಿನ ಹಂತದಲ್ಲಿ ಬರುತ್ತೆ."

ಹಣ್ಣು ಜಜ್ಜದೆ ಬಿಟ್ಟರೆ ಅಪಶಕುನ ಎಂದು ಭಟ್ಟರು ಪಟ್ಟು ಹಿಡಿದರು. ಬಸ್ಸು ಮಾಡಲು ಗೊತ್ತು, ಓಡಿಸಲು ಗೊತ್ತಿಲ್ಲ, ಥೂ! ಎಂದುಕೊಂಡ ಕೆರಿಯ ಕಿಟಕಿಯಿಂದ ತಲೆ ಹೊರಹಾಕಿ ಗುಂಪಿನಲ್ಲಿದ್ದ ತನ್ನ ಪ್ರಯಾಣಿಕರನ್ನು ಕೂಗಿದ:

"ಬನ್ರೋ, ನಮ್ಮ ಟೆಂಪೋ ತಳ್ಳೋರೆಲ್ಲ ಬನ್ನಿ! ಇದೂ ಅದರ ತಮ್ಮನೇ!"

ಬಿಳಗಿಯವರು ನಗುತ್ತ ಬಂದು ರೂಢಿಯ ಕೈಯಿಂದ ತಳ್ಳಿದರು. ನಿಂಬೆಹಣ್ಣು ಪಚಕ್ಕನೆ ಒಡೆಯಿತು. ಅಧಿಕಾರಿ ಓಡಿಹೋಗಿ ಮೈಕು ಹಿಡಿದ.

"ನೋಡಿದಿರಾ? ಒಂದು ಚೂರಾದರೂ ಹೊಗೆ ಬಂತಾ?"